ಹನ್ನೊಂದು ಗೆರೆಗಳ ಜಾಗ

ಡೆಲಿಯಾ ಪ್ರಾಟೊ ಮೇಳಕ್ಕೆ ಬರುತ್ತಾಳೆಂದು ಯಾರೂ ಅಂದುಕೊಂಡಿರಲಿಲ್ಲ. ಮಗಳ ಪುಸ್ತಕ ಹೊರಬರುವ ದಿನ ಎಂದು ಪ್ರಕಾಶಕ ನವೆಲ್ ಮೂರು ಸಲ ಫೋನ್ ಮಾಡಿದ್ದ. ಮೂರು ಸಲವೂ ಆಕೆ "ನೋಡ್ತೀನಪ್ಪ" ಎಂದಿದ್ದಳು. ರೊಸಾರಿಯೊ ಊರಿನಲ್ಲಿ ಎಪ್ಪತ್ತು ದಾಟಿದವರು ನೋಡುತ್ತೇನೆ ಎಂದರೆ ಬರುವುದಿಲ್ಲ ಎಂದೇ ಲೆಕ್ಕ. ಆದರೂ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಆಕೆ ಎಲ್ ಫಾರೊ ಕ್ಲಬ್ಬಿನ ಬಾಗಿಲಲ್ಲಿ ನಿಂತಿದ್ದಳು. ಇಸ್ತ್ರಿ ಮಾಡಿದ ಬೂದು ಲಂಗ, ತೋಳಿನಲ್ಲಿ ಹಳೆಯ ಚರ್ಮದ ಚೀಲ, ಕೈಯಲ್ಲಿ ಬಟ್ಟೆ ಸುತ್ತಿದ ಮೆಂಬ್ರಿಯೊ ಹಣ್ಣಿನ ಕೇಕು. ಬರಿಗೈಯಲ್ಲಿ ಯಾರ ಮನೆಗೂ ಹೋದವಳಲ್ಲ ಅವಳು, ಕಾಮಿಕ್ಸ್ ಮೇಳಕ್ಕೂ ಹಾಗೆ ಹೋಗಲು ಮನಸ್ಸು ಬರಲಿಲ್ಲ.

ಬಾಸ್ಕೆಟ್‌ಬಾಲ್ ಆಡುವ ಅಂಗಳದ ತುಂಬ ಮೇಜುಗಳು. ತಾವೇ ಬರೆದು, ತಾವೇ ಅಚ್ಚು ಹಾಕಿಸಿ, ತಾವೇ ಪಿನ್ನು ಹೊಡೆದು ತಂದ ಪುಸ್ತಕಗಳನ್ನು ಹರಡಿಕೊಂಡು ಹುಡುಗ ಹುಡುಗಿಯರು ಕೂತಿದ್ದರು. ಒಬ್ಬರ ಪುಸ್ತಕವನ್ನು ಒಬ್ಬರು ಕೊಂಡುಕೊಂಡು, ಹೊಗಳಿಕೊಂಡು, ಹಿಂದೆ ತಿರುಗಿ ಆಡಿಕೊಂಡು ಸಂಜೆಯವರೆಗೆ ಹೀಗೇ ನಡೆಯುತ್ತದೆ. ಹೊರಗೆ ಕ್ಲಬ್ಬಿನ ಮುದುಕರು ಒಲೆ ಹಚ್ಚಿ ಹಂದಿಮಾಂಸದ ಚೋರಿಸೊ ಸುಡುತ್ತಿದ್ದರು. ಹೊಗೆ ಒಳಗೆ ಬಂದು ಎಲ್ಲ ಪುಸ್ತಕಗಳಿಗೂ ಅಂಟುತ್ತಿತ್ತು, ಯಾರಿಗೂ ಅದರ ಗೊಡವೆ ಇರಲಿಲ್ಲ.

ಡೆಲಿಯಾ ಬಂದದ್ದು ಪುಸ್ತಕ ಕೊಳ್ಳುವುದಕ್ಕಲ್ಲ. ಆ ಪುಸ್ತಕದಲ್ಲಿ ಒಬ್ಬ ಅಮ್ಮ ಇದ್ದಾಳೆ, ಆ ಅಮ್ಮ ತಾನೇ. ತನ್ನ ಬಾಯಿಂದ ಮಗಳು ಏನು ಆಡಿಸಿದ್ದಾಳೆ ಎಂದು ಅವಳಿಗೆ ತಿಳಿಯಬೇಕಿತ್ತು. ಒಂದು ವರ್ಷದಿಂದ ಅದೊಂದೇ ಯೋಚನೆ ಅವಳ ನಿದ್ದೆ ತಿಂದಿತ್ತು.

ಡೆಲಿಯಾಳದು ಅಕ್ಷರದ ಕೆಲಸ. ಕಾಮಿಕ್ಸಿನಲ್ಲಿ ಕತೆ ಹೊಸೆಯುವವರು ಬೇರೆ, ಚಿತ್ರ ಬರೆಯುವವರು ಬೇರೆ. ಪಾತ್ರಗಳ ತಲೆಯ ಮೇಲೆ ತೇಲುವ ಮಾತಿನ ಗುಳ್ಳೆಗಳೊಳಗೆ ಕೈಯಿಂದ ಅಕ್ಷರ ತುಂಬುವವಳು ಅವಳು. ಹೆಸರು ಎಲ್ಲಿಯೂ ಅಚ್ಚಾಗುತ್ತಿರಲಿಲ್ಲ. ಬ್ಯೂನಸ್ ಐರಿಸ್‌ನಿಂದ ಬೆಳಗಿನ ಬಸ್ಸಿನಲ್ಲಿ ಹಾಳೆಗಳ ಕಟ್ಟು ಬರುತ್ತಿತ್ತು. ಗುಳ್ಳೆಯೊಳಗಿನ ಮಾತುಗಳನ್ನು ತಿಳಿನೀಲಿ ಪೆನ್ಸಿಲ್ಲಿನಲ್ಲಿ ಗೀಚಿರುತ್ತಿದ್ದರು. ಆ ನೀಲಿ ಅಚ್ಚಿನವರ ಕ್ಯಾಮೆರಾ ಕಣ್ಣಿಗೆ ಬೀಳುವುದಿಲ್ಲ. ಅದರ ಮೇಲೆ ಅವಳು ಕಪ್ಪು ಮಸಿಯಲ್ಲಿ ತಿದ್ದಿ, ಸಂಜೆಯ ಬಸ್ಸಿಗೆ ಕಟ್ಟನ್ನು ವಾಪಸು ಹಾಕುತ್ತಿದ್ದಳು. ನಲವತ್ತು ವರ್ಷ ಇದೇ ಕೆಲಸ. ಗುಳ್ಳೆಯ ಅಗಲ ನೋಡಿಯೇ ಎಷ್ಟು ಮಾತು ಹಿಡಿಯುತ್ತದೆಂದು ಹೇಳಬಲ್ಲಳು. ಒಮ್ಮೆಯೂ ಅವಳಿಗೆ ಜಾಗ ಸಾಲದೆ ಬಂದದ್ದಿಲ್ಲ, ಮಿಕ್ಕಿದ್ದೂ ಇಲ್ಲ. ಅದೊಂದು ಜಂಬ ಅವಳಿಗಿತ್ತು. ಇರಲಿ ಬಿಡಿ, ಬೇರೆ ಯಾವ ಜಂಬಕ್ಕೂ ಬದುಕು ಅವಳಿಗೆ ಅವಕಾಶ ಕೊಟ್ಟಿರಲಿಲ್ಲ.

ಮಗಳು ಸೆಲ್ವಾ ಚಿತ್ರಗಾರ್ತಿಯಾದಳು. ಉಳಿದವರೆಲ್ಲ ಗಾಜಿನ ಹಲಗೆಯ ಮೇಲೆ ಗೀಚಿ ಕಂಪ್ಯೂಟರಿನಿಂದ ಅಕ್ಷರ ಹಾಕಿಸಿಕೊಳ್ಳುವ ಕಾಲದಲ್ಲಿ ಅವಳು ಕಾಗದದ ಮೇಲೆ ಬರೆದು, ಗುಳ್ಳೆಗಳಲ್ಲಿ ನೀಲಿ ಪೆನ್ಸಿಲ್ ಆಡಿಸಿ, ಅಮ್ಮನ ಹತ್ತಿರ ತರುತ್ತಿದ್ದಳು. ಅಂಚಿನಲ್ಲಿ ನೀಲಿಯಲ್ಲೇ ಸೂಚನೆ ಇರುತ್ತಿತ್ತು: ಅಮ್ಮಾ, ಇದು ಪಿಸುಮಾತು, ಸಣ್ಣಗೆ ಹಾಕು. ಅಮ್ಮಾ, ಇಲ್ಲಿ ಅವನು ಕಿರುಚ್ತಾನೆ. ತಾಯಿ ಮಗಳು ಎದುರುಬದುರು ಕೂತು ಹೆಚ್ಚು ಮಾತಾಡಿದವರಲ್ಲ. ಮಾತಿದ್ದದ್ದೆಲ್ಲ ಆ ಅಂಚಿನಲ್ಲಿಯೇ.

ಹೋದ ವರ್ಷ ಮಾರ್ಚ್‌ನಲ್ಲಿ ಸೆಲ್ವಾ ಕಂದು ರಟ್ಟಿನ ಕಡತವೊಂದನ್ನು ತಂದು ಮೇಜಿನ ಮೇಲಿಟ್ಟಳು. ಡೆಲಿಯಾ ಮೊದಲ ಹಾಳೆ ತೆಗೆದಳು. ಅಡುಗೆಮನೆ, ಮೇಜು, ಮಸಿಯ ಬಾಟಲಿ, ಬೆನ್ನು ತಿರುಗಿಸಿ ಕೂತ ಹೆಂಗಸು. ಅಷ್ಟೇ ಸಾಕಾಯಿತು.

"ಇದಕ್ಕೆ ನಾನು ಅಕ್ಷರ ಹಾಕಲ್ಲ," ಎಂದಳು.

"ನೋಡೇ ಇಲ್ವಲ್ಲಮ್ಮ ನೀನು."

"ನೋಡೋದೇನಿದೆ. ಬೇರೆ ಯಾರನ್ನಾದ್ರೂ ನೋಡ್ಕೊ."

ಸೆಲ್ವಾ ಜಗಳಕ್ಕೆ ನಿಲ್ಲಲಿಲ್ಲ. ಕಡತಕ್ಕೆ ದಾರ ಕಟ್ಟಿಕೊಂಡು ಎದ್ದುಹೋದಳು. ಆಗಸ್ಟ್‌ನಲ್ಲಿ, ನಲವತ್ಮೂರನೆಯ ವಯಸ್ಸಿಗೆ, ತಲೆಯೊಳಗಿನ ನರ ಒಡೆದು ಒಂದೇ ಬೆಳಗಿನಲ್ಲಿ ಮುಗಿದುಹೋದಳು. ಹೂವಿನ ಚಕ್ರಕ್ಕೆ ಸುತ್ತುವ ಪಟ್ಟಿಯ ಮೇಲೆ ಅವಳ ಹೆಸರನ್ನು ಡೆಲಿಯಾ ತಾನೇ ಬರೆದಳು. ಕೈ ನಡುಗಲಿಲ್ಲ. ಅಂಥ ಕೈಯ ಮೇಲೆ ಅವಳಿಗೆ ಅವತ್ತು ಅಸಹ್ಯ ಹುಟ್ಟಿತು.

"ಡೆಲಿಯಮ್ಮ!" ಮೂಲೆಯ ಮೇಜಿನಿಂದ ನವೆಲ್ ಎದ್ದುಬಂದ. ಮೂವತ್ತೈದರ ಆಳು, ಗಡ್ಡ ದಟ್ಟ, ನೆತ್ತಿ ಬೋಳು. ಸೆಲ್ವಾಳ ಗೆಳೆಯ, ಅವಳ ಪುಸ್ತಕಗಳನ್ನೆಲ್ಲ ಅಚ್ಚು ಹಾಕಿದವನು. ಆಕೆಯ ಕೆನ್ನೆಗೆ ಮುತ್ತಿಟ್ಟು ಕೇಕು ಇಸಿದುಕೊಂಡ. "ನೀವು ಬರಲ್ಲ ಅಂತ ನಾನು ಪಂಥ ಕಟ್ಟಿದ್ದೆ ನೋಡಿ, ಸೋತೆ."

"ಕೂದಲು ಸೋತೆ, ಇನ್ನೇನು ಉಳಿದಿದೆ ನಿಂಗೆ ಸೋಲೋಕೆ," ಎಂದಳು ಡೆಲಿಯಾ. ಇವನ ಬೋಳುತಲೆಯನ್ನು ಆಡಿಕೊಳ್ಳುವುದು ಸೆಲ್ವಾ ಶುರುಮಾಡಿದ್ದ ಅಭ್ಯಾಸ. ನವೆಲ್ ನಗಲು ಹೋದ, ನಗು ಅರ್ಧಕ್ಕೇ ನಿಂತಿತು.

ಅವನು ಮಾಟೆ ಸೊಪ್ಪಿಗೆ ಬಿಸಿನೀರು ಹೊಯ್ದು ಸೋರೆಬುರುಡೆಯನ್ನು ಆಕೆಯ ಕೈಗಿತ್ತ. ಡೆಲಿಯಾ ಕೊಳವೆಯಿಂದ ಒಂದು ಸುತ್ತು ಕುಡಿದು "ಗ್ರಾಸಿಯಾಸ್" ಎಂದು ವಾಪಸು ಕೊಟ್ಟಳು. ಮಾಟೆ ಕುಡಿಯುವಾಗ ಗ್ರಾಸಿಯಾಸ್ ಅಂದರೆ ನನಗಿನ್ನು ಸಾಕು ಅಂತ. ಒಂದೇ ಸುತ್ತಿಗೆ ಸಾಕು ಅಂದವಳ ಮುಖವನ್ನು ನವೆಲ್ ನೋಡಿದ. ಪುಸ್ತಕ ತೆಗೆದು ಅವಳ ಮುಂದಿಟ್ಟ.

ಡೆಲಿಯಾ ಕನ್ನಡಕ ಹಾಕಿಕೊಂಡು ಪುಟ ತಿರುವಿದಳು. ಮತ್ತೊಂದು ತಿರುವಿದಳು. ಆಮೇಲೆ ಮಧ್ಯಕ್ಕೆ ಹೋದಳು, ಕೊನೆಗೆ ಹೋದಳು. ಗುಳ್ಳೆಗಳೆಲ್ಲ ಖಾಲಿ. ಮೂವತ್ತೆರಡು ಪುಟ, ಒಂದಾದರೂ ಅಕ್ಷರವಿಲ್ಲ.

"ಇದೇನಪ್ಪ ಇದು?"

"ಖಾಲಿ ಬಿಟ್ಟಿದ್ದಾಳೆ ಡೆಲಿಯಮ್ಮ." ನವೆಲ್ ಧ್ವನಿ ಇಳಿಸಿದ. "ಫೆಬ್ರವರಿಲೇ ಅವಳೇ ಸ್ಕ್ಯಾನ್ ಮಾಡಿ ಕಳಿಸಿದ್ಲು, ಅದರಲ್ಲಿ ಹೀಗೇ ಇತ್ತು. ಆಮೇಲೆ ನೀವು ಅಕ್ಷರ ಹಾಕಲ್ಲ ಅಂದ್ರಂತಲ್ಲ. ಹಾಗಾದ್ರೆ ಖಾಲಿನೇ ಇರ್ಲಿ ಅಂತ ಮಾಡಿದ್ಲು ಅಂದ್ಕೊಂಡ್ವಿ. ಎಲ್ರೂ ಅದನ್ನೇ ಹೊಗಳ್ತಿದಾರೆ. ಆ ಮೌನ ಇದೆಯಲ್ಲ, ಅದು ಎದೆಗೆ ಹೊಡೆಯುತ್ತೆ ಅಂತಾರೆ."

ಡೆಲಿಯಾಳ ಕಣ್ಣು ಹದಿನಾಲ್ಕನೆಯ ಪುಟದ ಮೇಲೆ ನಿಂತುಬಿಟ್ಟಿತ್ತು. ಬಾಗಿಲಲ್ಲಿ ಚೀಲ ಹಿಡಿದು ನಿಂತ ಹದಿನಾರರ ಹುಡುಗಿ. ಇತ್ತ ಬೆನ್ನು ಹಾಕಿ ಬರೆಯುತ್ತ ಕೂತ ಅಮ್ಮ. ಅಮ್ಮನ ಎದುರಿಗೆ ಪಾತ್ರೆ ಕಪಾಟು. ಆ ಕಪಾಟಿನ ಗಾಜಿನಲ್ಲಿ ಹೆಬ್ಬೆರಳ ಉಗುರಿನಷ್ಟು ಚಿಕ್ಕದಾಗಿ ಹುಡುಗಿಯ ಪ್ರತಿಬಿಂಬ, ಕೆಳತುಟಿಯ ಮೇಲೆ ಒಂದು ಕಪ್ಪು ಚುಕ್ಕೆ. ಡೆಲಿಯಾ ಪುಸ್ತಕವನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡಳು.

ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ರೈಲ್ವೆ ಕಾರ್ಖಾನೆ ಮುಚ್ಚಿದ ಮೇಲೆ ಗಂಡ ರುಬೆನ್ ಮನೆಯಲ್ಲೇ ಇರುತ್ತಿದ್ದ, ಕುಡಿಯುತ್ತಿದ್ದ, ಕೈ ಮಾಡುತ್ತಿದ್ದ. ಆ ಮಧ್ಯಾಹ್ನ ಹಿತ್ತಿಲಲ್ಲಿ ಏನೋ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಸೆಲ್ವಾ ಬಾಗಿಲಲ್ಲಿ ಬಂದು ನಿಂತು "ಅಮ್ಮಾ" ಎಂದಳು. ಡೆಲಿಯಾ "ಇರು, ಈ ಗುಳ್ಳೆ ಮುಗಿಸ್ತೀನಿ" ಎಂದಳು. ಸಾಲಿನ ನಡುವೆ ಲೇಖನಿ ಎತ್ತಿದರೆ ಮಸಿ ದಪ್ಪ ತೆಳು ಆಗಿ ಗಂಟು ಕಾಣುತ್ತದೆ, ಅಕ್ಷರದವರು ಯಾರೂ ಹಾಗೆ ಎತ್ತುವುದಿಲ್ಲ. ಗುಳ್ಳೆ ಮುಗಿಸಿ ತಿರುಗಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಸೆಲ್ವಾ ನದಿಯಾಚೆ ಚಿಕ್ಕಮ್ಮನ ಮನೆ ಸೇರಿದಳು, ಆರು ವರ್ಷ ಈ ಹೊಸ್ತಿಲು ತುಳಿಯಲಿಲ್ಲ.

ನಾನು ತಲೆ ಎತ್ತಿರಲಿಲ್ಲ, ಅವಳ ಮುಖ ನೋಡಿರಲಿಲ್ಲ ಎಂದು ಡೆಲಿಯಾ ಎಲ್ಲರಿಗೂ ಹೇಳಿದ್ದಳು. ತಂಗಿಗೆ ಹೇಳಿದ್ದಳು, ಪಾದ್ರಿಗೂ ಹೇಳಿದ್ದಳು. ತಲೆ ಎತ್ತಿರಲಿಲ್ಲ ಎನ್ನುವುದು ನಿಜ. ಕಪಾಟಿನ ಗಾಜನ್ನು ನೋಡುವುದಕ್ಕೆ ತಲೆ ಎತ್ತಬೇಕಾಗಿರಲಿಲ್ಲ.

ಆ ಗಾಜಿನ ಸಂಗತಿ ಮಗಳಿಗೆ ಗೊತ್ತಿತ್ತು ಹಾಗಾದರೆ.

ಡೆಲಿಯಾ ಕೊನೆಯ ಪುಟಕ್ಕೆ ಹೋದಳು. ಅದೇ ಮೇಜು, ಆದರೆ ಈಗ ಇಬ್ಬರೂ ಎದುರುಬದುರು. ಮಗಳ ತಲೆ ನರೆಯತೊಡಗಿದೆ, ಅಮ್ಮ ಮುದುಕಿ. ಮಗಳದು ಎರಡು ಸಾಲಿನ ಸಣ್ಣ ಗುಳ್ಳೆ. ಅಮ್ಮನದು ಪುಟದ ಅರ್ಧವನ್ನೇ ನುಂಗಿದಷ್ಟು ದೊಡ್ಡದು. ಡೆಲಿಯಾಳ ಕಣ್ಣು ತಾನಾಗಿಯೇ ಅಳೆಯಿತು: ಹನ್ನೊಂದು ಸಾಲು, ಐವತ್ತು ಮಾತು, ಒತ್ತಿ ಬರೆದರೆ ಅರವತ್ತು. ಅರವತ್ತು ಮಾತು ತನ್ನ ಬಾಯಿಂದ. ಏನು ಹೇಳಿಸಿದಳು ಇವಳು?

"ಗೋಡೆ ನೋಡಿದ್ರಾ?" ನವೆಲ್ ಕೇಳಿದ. ಅವನಿಗೆ ಏನು ಮಾತಾಡಬೇಕೆಂದು ತೋಚದಿದ್ದಾಗ ಏನನ್ನಾದರೂ ತೋರಿಸುವುದು ಅವನ ಸ್ವಭಾವ.

ಬಾಸ್ಕೆಟ್ಟಿನ ಬಳೆಯ ಕೆಳಗೆ ಗೋಡೆಗೆ ಅದೇ ಕೊನೆಯ ಪುಟವನ್ನು ಆಳೆತ್ತರಕ್ಕೆ ದೊಡ್ಡದು ಮಾಡಿ ಅಂಟಿಸಿದ್ದರು. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಪೆನ್ನು. ಬಂದವರು ಅಮ್ಮನ ಗುಳ್ಳೆಯಲ್ಲಿ ತಮಗೆ ತೋಚಿದ್ದನ್ನು ಬರೆದು ಹೋಗಬಹುದು. ಆಗಲೇ ಮುಕ್ಕಾಲು ಗುಳ್ಳೆ ತುಂಬಿತ್ತು. "ಕ್ಷಮಿಸು ಮಗಳೇ" ಎಂದು ಐದಾರು ಜನ ಬರೆದಿದ್ದರು. "ಸಾಸ್ ಸೀದುಹೋಯ್ತು, ಎಲ್ಲ ನಿನ್ನಿಂದ" ಎಂದು ಒಬ್ಬರು. "ಇವತ್ತು ಸೆಂಟ್ರಲ್ ಗೆಲ್ಲುತ್ತಾ?" ಎಂದು ಫುಟ್‌ಬಾಲ್ ಹುಚ್ಚಿನ ಇನ್ನೊಬ್ಬರು, ಅದರ ಕೆಳಗೆ ಬೇರೆ ಕೈಬರಹದಲ್ಲಿ "ಗೆಲ್ಲಲ್ಲ, ಮುಚ್ಕೊಂಡು ಹೋಗು."

ಹಸಿರು ಕೂದಲಿನ ಹುಡುಗಿಯೊಬ್ಬಳು ಬರೆದು ಮುಗಿಸಿ ಪೆನ್ನನ್ನು ಡೆಲಿಯಾಳತ್ತ ಚಾಚಿದಳು. "ಅಜ್ಜಿ, ನೀವೂ ಒಂದು ಬರೀರಿ. ಆಯಮ್ಮ ಏನಂದಿರ್ಬಹುದು ಹೇಳಿ ನೋಡೋಣ."

"ನಂಗೇನು ಗೊತ್ತಮ್ಮ," ಎಂದಳು ಡೆಲಿಯಾ.

"ಸುಮ್ನೆ ಊಹೆ. ನಂಗಂತೂ ಆಯಮ್ಮನ ಕಂಡ್ರೆ ಆಗಲ್ಲ. ಆದ್ರೂ ಪಾಪ ಅನ್ಸುತ್ತೆ."

ನವೆಲ್‌ನ ಮುಖ ಬಿಳಿಚಿತು. ಡೆಲಿಯಾ ಮಾತ್ರ ಹುಡುಗಿಯ ಭುಜ ತಟ್ಟಿದಳು. "ನಂಗೂ ಹಾಗೇ ಅನ್ಸುತ್ತೆ ಕಣೇ," ಎಂದು ಮೇಜಿನತ್ತ ತಿರುಗಿದಳು.

ಹಿಂದಿರುಗುವಾಗ ನಾಲ್ಕು ಹೆಜ್ಜೆಗೆ ಅವಳು ನಿಂತುಬಿಟ್ಟಳು. ಗುಳ್ಳೆಯನ್ನು ಯಾರೂ ಸುಮ್ಮನೆ ಬರೆಯುವುದಿಲ್ಲ. ಮಾತು ಮೊದಲು, ಗುಳ್ಳೆ ಆಮೇಲೆ, ಅದರ ಅಳತೆಗೆ. ಸೆಲ್ವಾಗೆ ಅದನ್ನು ಕಲಿಸಿದವಳು ತಾನೇ. ಎರಡು ಸಾಲಿಗೆ ಸಣ್ಣದು, ಹನ್ನೊಂದು ಸಾಲಿಗೆ ದೊಡ್ಡದು ಎಂದು ಅಳೆದು ಬರೆದವಳು ಮಾತಿಲ್ಲದೆ ಅಳೆದಳೇ?

"ಸ್ಕ್ಯಾನ್ ಅಂದ್ಯಲ್ಲ, ಬಣ್ಣದ್ದೋ ಕಪ್ಪು ಬಿಳುಪೋ?"

"ಕಪ್ಪು ಬಿಳುಪು. ಅವಳು ಯಾವಾಗ್ಲೂ ಹಾಗೇ ಕಳಿಸೋದು, ಚಿತ್ರ ನೋಡೋಕೆ ಅಂತ."

"ಮೂಲ ಹಾಳೆ ನೋಡಿದ್ಯಾ?"

ನವೆಲ್ ನೆಲ ನೋಡಿದ. ಸೆಲ್ವಾಳ ಕೋಣೆ ಖಾಲಿ ಮಾಡಿದಾಗ ಕಡತ ಸಿಕ್ಕಿತ್ತು. ದಾರ ಕಟ್ಟಿದ ಗಂಟು ಅವಳದೇ. ಅದನ್ನು ಬಿಚ್ಚಲು ನನ್ನಿಂದಾಗಲಿಲ್ಲ, ಸ್ಕ್ಯಾನ್ ಇತ್ತಲ್ಲ, ಅದನ್ನೇ ಅಚ್ಚಿಗೆ ಕೊಟ್ಟೆ ಎಂದ. "ಇವತ್ತು ನಿಮಗೇ ಕೊಡೋಣ ಅಂತ ತಂದಿದೀನಿ. ಮೇಜಿನ ಕೆಳಗಿದೆ. ಯಾಕೆ ಡೆಲಿಯಮ್ಮ?"

"ನೀಲಿ ಕಾಣಲ್ಲ ಕಣೋ," ಎಂದಳು ಡೆಲಿಯಾ. "ಕಪ್ಪು ಬಿಳುಪಲ್ಲಿ ನೀಲಿ ಕಾಣಲ್ಲ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಬಗ್ಗಿ ಮೇಜಿನ ಕೆಳಗಿಂದ ಕಡತ ತೆಗೆದುಕೊಟ್ಟ, ತಲೆ ಎತ್ತಲಿಲ್ಲ. ಗಾಜಿನ ಹಲಗೆಯ ಮೇಲೆ ಕೆಲಸ ಕಲಿತ ಹುಡುಗನ ಮೇಲೆ ಸಿಟ್ಟಾಗಿ ಏನು ಬಂತು? ಅಮ್ಮನಾದವಳೇ ಕಡತ ತೆರೆಯದೆ ತಳ್ಳಿದ್ದಳಲ್ಲ.

ಕ್ಲಬ್ಬಿನ ಹಿತ್ತಿಲಿನಲ್ಲಿ ಮುದುಕರು ಬೋಚೆ ಗುಂಡು ಆಡುವ ಉದ್ದನೆಯ ಅಂಗಳವಿದೆ. ಮೇಳದ ದಿನ ಅಲ್ಲಿ ಆಟವಿರಲಿಲ್ಲ. ಬಿಸಿಲು ಚೆನ್ನಾಗಿತ್ತು. ನೀಲಿ ಓದಲು ಬಿಸಿಲೇ ಬೇಕು. ಡೆಲಿಯಾ ಕಲ್ಲಿನ ಮೇಜಿನ ಮುಂದೆ ಕೂತು, ಉಗುರಿನಿಂದ ಗಂಟು ಬಿಡಿಸಿದಳು.

ಮಾತುಗಳೆಲ್ಲ ಅಲ್ಲಿದ್ದವು. ಸೆಲ್ವಾಳ ಅವಸರದ ವಾಲುವ ಬರಹ, ಒಂದೊಂದು ಗುಳ್ಳೆಯಲ್ಲೂ. ಅಪ್ಪ ಬೈದದ್ದು, ಹಿತ್ತಿಲ ನಾಯಿಗೆ ಹುಡುಗಿ ಹೇಳಿದ ಗುಟ್ಟು, ಎಲ್ಲ. ಹದಿನಾಲ್ಕನೆಯ ಪುಟದಲ್ಲಿ ಬೆನ್ನು ಹಾಕಿದ ಅಮ್ಮನ ಗುಳ್ಳೆಯಲ್ಲಿ "ಇರು, ಈ ಗುಳ್ಳೆ ಮುಗಿಸ್ತೀನಿ" ಎಂದಿತ್ತು. ಒಂದಕ್ಷರವೂ ಆಚೀಚೆಯಿಲ್ಲ. ಅಂಚಿನಲ್ಲಿ ಒಂದು ಸೂಚನೆ: ಅಮ್ಮಾ, ಇಲ್ಲಿ ಸಿಟ್ಟಿಲ್ಲ, ಮಾಮೂಲಿ ಅಕ್ಷರ ಹಾಕು. ಡೆಲಿಯಾ ಅದನ್ನು ಎರಡು ಸಲ ಓದಿದಳು. ಓದುತ್ತ ಓದುತ್ತ ಅವಳಿಗೆ ಅಳು ಬಂತು. ಹೆಣದ ಮುಂದೆ ಬಾರದ ಅಳು ಇಲ್ಲಿ, ಚೋರಿಸೊ ಹೊಗೆಯಲ್ಲಿ, ಬಂದೇಬಿಟ್ಟಿತು. ಹಾಳೆಗೆ ತಾಗದಂತೆ ಮುಖ ಪಕ್ಕಕ್ಕೆ ಹಿಡಿದು ಅತ್ತಳು. ಅದೂ ಕಸುಬಿನ ಅಭ್ಯಾಸವೇ.

ಕೊನೆಯ ಹಾಳೆಯನ್ನು ಬಿಸಿಲಿಗೆ ಒಡ್ಡಿದಳು. ಮಗಳ ಸಣ್ಣ ಗುಳ್ಳೆಯಲ್ಲಿ ಎರಡು ಸಾಲು:

"ಅಮ್ಮಾ, ಅವತ್ತು ಕಪಾಟಿನ ಗಾಜಲ್ಲಿ
ನಾನು ನಿಂಗೆ ಕಂಡಿದ್ನಾ?"

ಅಮ್ಮನ ದೊಡ್ಡ ಗುಳ್ಳೆಯಲ್ಲಿ ಮಾತಿರಲಿಲ್ಲ. ಹಾಳೆಯನ್ನು ಆ ಕಡೆ ಈ ಕಡೆ ಓರೆ ಮಾಡಿ ನೋಡಿದಳು, ಕನ್ನಡಕ ಒರೆಸಿಕೊಂಡು ನೋಡಿದಳು. ಅಕ್ಷರ ಹಾಕಲು ಸ್ಕೇಲಿನಿಂದ ಎಳೆದ ಹನ್ನೊಂದು ನೀಲಿ ಗೆರೆಗಳು ಮಾತ್ರ ಇದ್ದವು, ನೆಟ್ಟಗೆ, ಒಂದೇ ಅಂತರದಲ್ಲಿ, ತಾನು ಕಲಿಸಿದ ಹಾಗೆ. ಅಂಚಿನಲ್ಲಿ ಬರೆದಿತ್ತು: ಅಮ್ಮಾ, ಇದು ನಿಂದು. ನಾನು ಹೇಳಿಸಲ್ಲ, ನೀನೇ ಬರಿ. ಜಾಗ ಸಾಲದಿದ್ರೆ ಹೇಳು, ದೊಡ್ಡದು ಮಾಡ್ಕೊಡ್ತೀನಿ.

ಒಳಗೆ ಯಾರೋ ಧ್ವನಿವರ್ಧಕದಲ್ಲಿ ಯಾವುದೋ ಬಹುಮಾನ ಕೂಗುತ್ತಿದ್ದರು, ಚಪ್ಪಾಳೆ ಬಿತ್ತು. ಐದು ತಿಂಗಳು. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಐದು ತಿಂಗಳು ಸೆಲ್ವಾ ಕಾದಿದ್ದಾಳೆ. ಆ ಐದು ತಿಂಗಳು ಭಾನುವಾರ ಬಂದು ಊಟಕ್ಕೆ ಕೂತು, ಹವೆಯ ಮಾತಾಡಿ, ತಟ್ಟೆ ತೊಳೆದಿಟ್ಟು ಹೋಗಿದ್ದಾಳೆ. ಕಡತದ ಸುದ್ದಿ ಒಮ್ಮೆಯೂ ಎತ್ತಲಿಲ್ಲ. ಹೋಗುವಾಗ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಅದು ಈಗ ನೆನಪಾಯಿತು.

ಡೆಲಿಯಾ ಚೀಲದಿಂದ ಲೇಖನಿ ತೆಗೆದಳು, ಮಸಿಯ ಕುಪ್ಪಿ ತೆಗೆದಳು. ಅವೆರಡನ್ನು ಬಿಟ್ಟು ಅವಳು ಹೊರಗೆ ಹೋದದ್ದೇ ಇಲ್ಲ. ಮೊದಲ ನೀಲಿ ಗೆರೆಯ ಮೇಲೆ ಮೊನೆಯೂರಿದಳು.

"ಕಂಡಿದ್ದೆ" ಎಂದು ಬರೆದಳು.

ಆಮೇಲೆ ಬರೆಯುವುದು ಅವಳು ಎಣಿಸಿದಷ್ಟು ಕಷ್ಟವಾಗಲಿಲ್ಲ. ತುಟಿ ಒಡೆದಿದ್ದು ಕಂಡಿತ್ತು. ಎದ್ದರೆ ನಿಮ್ಮಪ್ಪ ನನ್ನ ಮೇಲೂ ಬರುತ್ತಾನೆಂದು ಹೆದರಿದ್ದೆ. ಅವತ್ತಿನ ಗುಳ್ಳೆಯಲ್ಲಿ ಉಳಿದಿದ್ದು ಮೂರೇ ಮಾತು, ಅದನ್ನು ನಿಧಾನವಾಗಿ ಬರೆದೆ, ನೀನು ಹೋಗಲಿ ಎಂದು ನಿಧಾನವಾಗಿ ಬರೆದೆ. ನೀನು ಉಳಿದರೆ ನಾನು ಏನಾದರೂ ಮಾಡಬೇಕಾಗಿತ್ತು.

"ಡೆಲಿಯಮ್ಮ?"

ಬಾಗಿಲಲ್ಲಿ ನವೆಲ್ ನಿಂತಿದ್ದ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅವಳದೇ ಕೇಕಿನ ತುಂಡು. ಆರನೆಯ ಸಾಲಿನ ನಡುವೆ ಡೆಲಿಯಾ ಲೇಖನಿ ಎತ್ತಿಬಿಟ್ಟಳು, ತಲೆಯನ್ನೂ ಎತ್ತಿದಳು. ಅವನ ಕಣ್ಣು ಕೆಂಪಾಗಿತ್ತು.

"ಏನಪ್ಪ?"

"ಏನಿಲ್ಲ. ಎಲ್ಲ ಮತ್ತೆ ಅಚ್ಚು ಹಾಕಿಸ್ತೀನಿ. ಅವಳ ಮಾತು ಸೇರಿಸಿ. ನೀವು ಅಕ್ಷರ ಹಾಕಿಕೊಟ್ರೆ."

"ಹಾಕ್ಕೊಡ್ತೀನಿ. ಕೂತ್ಕೊ ಇಲ್ಲಿ."

ಅವನು ಎದುರಿಗೆ ಕೂತ. ಎತ್ತಿದ ಕಡೆ ಮಸಿ ಗಂಟಾಗಿತ್ತು, ಅದನ್ನು ಅವಳು ತಿದ್ದಲಿಲ್ಲ. ಮುಂದಿನ ಅಕ್ಷರ ಬರೆದಳು, ಮುಂದಿನ ಸಾಲು ಬರೆದಳು. ಒಂಬತ್ತನೆಯ ಸಾಲಿಗೆ ಅಕ್ಷರ ಕಿರಿದಾಯಿತು, ಹತ್ತನೆಯದಕ್ಕೆ ಇನ್ನೂ ಕಿರಿದಾಯಿತು. ಹೇಳಬೇಕಾದದ್ದು ಇನ್ನೂ ಇತ್ತು. ಅವತ್ತು ಸಂಜೆ ಡೆಲಿಯಾ ಬಸ್ ನಿಲ್ದಾಣಕ್ಕೆ ಓಡಿದ್ದಳು. ನದಿಯಾಚೆಯ ಬಸ್ಸು ನಿಂತೇ ಇತ್ತು. ಕಿಟಕಿಯಲ್ಲಿ ಸೆಲ್ವಾಳ ತಲೆ ಕಾಣುತ್ತಿತ್ತು. ಇವಳ ಕೈಯಲ್ಲಿ ಹಾಳೆಗಳ ಕಟ್ಟಿತ್ತು. ಅವಳು ಮೊದಲು ಬ್ಯೂನಸ್ ಐರಿಸ್ ಬಸ್ಸಿನವನ ಹತ್ತಿರ ಹೋಗಿ ಕಟ್ಟನ್ನು ಕೊಟ್ಟು ಬಂದಳು, ತಿರುಗಿದಾಗ ಮಗಳ ಬಸ್ಸು ಹೊರಟುಹೋಗಿತ್ತು. ಇದನ್ನು ಅವಳು ಪಾದ್ರಿಗೂ ಹೇಳಿರಲಿಲ್ಲ.

"ಬಸ್ ನಿಲ್ದಾಣಕ್ಕೆ ಬಂದಿದ್ದೆ, ನೀನು" ಎನ್ನುವಷ್ಟಕ್ಕೆ ಹನ್ನೊಂದನೆಯ ಗೆರೆ ಗುಳ್ಳೆಯ ಅಂಚಿಗೆ ಬಂದು ಮುಟ್ಟಿತು.

ಡೆಲಿಯಾ ಲೇಖನಿಯನ್ನು ಹಾಳೆಯಿಂದ ಮೇಲೆತ್ತಿದಳು. ಅಂಚಿನ ನೀಲಿ ಬರಹ ಬಿಸಿಲಿನಲ್ಲಿ ಇನ್ನಷ್ಟು ಪೇಲವವಾಗಿತ್ತು. ಅದನ್ನು ಮತ್ತೊಮ್ಮೆ ಓದಿದಳು.

"ಜಾಗ ಸಾಲಲಿಲ್ಲ ಕಣೇ," ಎಂದಳು.

ನವೆಲ್ ಏನಂದಿರಿ ಎಂದು ಕೇಳಿದ. ಅವಳು ಅವನಿಗೆ ಹೇಳಿರಲಿಲ್ಲ.